ಗೋಡೆಯ ಪಟ: ಆಯ್ಕೆ, ಅಳತೆ, ಕಟ್ಟು

ಚಿಲಮತ್ತೂರಿನ ಸುತ್ತಿನ ಹಳ್ಳಿಗಳಲ್ಲಿ ಹಳೆಯ ಮನೆಯನ್ನು ಕೆಡವಿ ಹೊಸ ಮನೆ ಕಟ್ಟುವಾಗ ಮೊದಲು ಕೆಳಗಿಳಿಯುವ ವಸ್ತುಗಳಲ್ಲಿ ಗೋಡೆಯ ಪಟಗಳೂ ಸೇರಿರುತ್ತವೆ. ಗೃಹಪ್ರವೇಶವಾದ ಮೇಲೆ ಅವೆಲ್ಲವೂ ಮರಳಿ ಗೋಡೆಗೆ ಏರುವುದಿಲ್ಲ. ದೇವರ ಪಟಗಳು ದೇವರ ಕೋಣೆಗೆ ಹೋಗುತ್ತವೆ. ಅಜ್ಜ ಅಜ್ಜಿಯರ ಕಪ್ಪು ಬಿಳುಪಿನ ಭಾವಚಿತ್ರಗಳು ಮಸುಕಾಗಿವೆ ಎಂಬ ಕಾರಣಕ್ಕೆ ಅಟ್ಟ ಸೇರುತ್ತವೆ. ಬರಿದಾಗಿ ಕಾಣುವ ಹೊಸ ಗೋಡೆಗೆ ಹಿಂದೂಪುರದಿಂದಲೋ ಬೆಂಗಳೂರಿನಿಂದಲೋ ಓಡುವ ಏಳು ಕುದುರೆಗಳ ಚಿತ್ರ, ಯಾವುದೋ ದೇಶದ ಜಲಪಾತದ ಚಿತ್ರ ಬರುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಮನೆಯವರು ತಮಗೆ ಬೇಕಾದ ಛಾಯಾಚಿತ್ರವನ್ನೇ ಬೇಕಾದ ಅಳತೆಗೆ ಮುದ್ರಿಸಿ, ಕಟ್ಟು ಹಾಕಿಸಿ ತೂಗುಹಾಕುವುದು ಇಂದು ಎಂದಿಗಿಂತಲೂ ಸುಲಭವಾಗಿದೆ. ಸುಲಭವಾದ ಕೆಲಸದಲ್ಲಿ ಆಯ್ಕೆಯ ವಿವೇಕ ಹೆಚ್ಚು ಬೇಕಾಗುತ್ತದೆ. ಯಾವ ಚಿತ್ರ, ಯಾವ ಅಳತೆ, ಯಾವ ಕಾಗದ, ಯಾವ ಕಟ್ಟು ಎಂಬ ಪ್ರಶ್ನೆಗಳನ್ನು ಈ ಲೇಖನ ಒಂದೊಂದಾಗಿ ಪರಿಶೀಲಿಸುತ್ತದೆ. ಕನ್ನಡವನ್ನು ಐಚ್ಛಿಕವಾಗಿ ಓದುವವರು ಇವುಗಳ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕಾಗಿದೆ: ಆ ಹಳೆಯ ಪಟದ ಹಿಂಬದಿಯಲ್ಲಿ ಏನಿದೆ?

ಪದದ ದಾರಿ

‘ಪಟ’ ಎಂದರೆ ಮೂಲದಲ್ಲಿ ಬಟ್ಟೆ. ಬಟ್ಟೆಯ ಮೇಲೆ ಬರೆದ ಚಿತ್ರ ಚಿತ್ರಪಟವಾಯಿತು. ಬಟ್ಟೆ ಹೋಗಿ ಕಾಗದ ಬಂದರೂ ಹೆಸರು ಉಳಿಯಿತು. ಕನ್ನಡದಲ್ಲಿ ಪಟಕ್ಕೆ ‘ಕಟ್ಟು ಹಾಕಿಸುತ್ತಾರೆ’. ತೆಲುಗಿನಲ್ಲಿ ‘ಪಟಂ ಕಟ್ಟಿಂಚಡಂ’ ಎನ್ನುತ್ತಾರೆ. ಎರಡೂ ಭಾಷೆಗಳಲ್ಲಿ ದುಡಿಯುವುದು ‘ಕಟ್ಟು’ ಎಂಬ ಒಂದೇ ಧಾತು. ಉತ್ತರ ಕರ್ನಾಟಕದ ಹಿರಿಯರ ಬಾಯಲ್ಲಿ ಕೇಳುವ ‘ತಸಬೀರು’ ಮರಾಠಿಯಲ್ಲಿಯೂ ಇದೆ. ಅದರ ಮೂಲ ಅರಬ್ಬಿ. ‘ಚೌಕಟ್ಟು’ ಎಂಬ ಪದಕ್ಕೆ ಮರಾಠಿಯ ‘ಚೌಕಟ’ ನೆರೆಯ ಬಂಧು. ಕನ್ನಡದ ಕಿವಿಗೆ ಮಾತ್ರ ಅದು ಚೌಕ ಮತ್ತು ಕಟ್ಟು ಕೂಡಿದಂತೆಯೇ ಕೇಳಿಸುತ್ತದೆ. ಚಿತ್ರವೊಂದಕ್ಕೆ ನಾಲ್ಕು ಬದಿಯ ಎಲ್ಲೆ ಹಾಕುವ ಈ ಸಣ್ಣ ಕೆಲಸದಲ್ಲಿ ಹಲವು ಭಾಷೆಗಳು ಕೈ ಸೇರಿಸಿವೆ.

ಗೋಡೆಯಿಂದ ಕಾಗದಕ್ಕೆ

ಚಿಲಮತ್ತೂರಿನಿಂದ ಹಿಂದೂಪುರದ ಕಡೆಗೆ ಹೋಗುವಾಗ ಸಿಗುವ ಲೇಪಾಕ್ಷಿಯಲ್ಲಿ ಚಿತ್ರಕ್ಕೆ ಬೇರೆ ಪಟವೇ ಬೇಕಾಗಿರಲಿಲ್ಲ. ಅಚ್ಯುತರಾಯನ ಕಾಲದಲ್ಲಿ, 16ನೆಯ ಶತಮಾನದ ಪೂರ್ವಾರ್ಧದಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಎಂಬ ಸೋದರರು ಕಟ್ಟಿಸಿದ ವೀರಭದ್ರ ದೇವಾಲಯದ ಛಾವಣಿಯೇ ಅಲ್ಲಿ ಚಿತ್ರದ ನೆಲೆ. ಅಲ್ಲಿನ ವೀರಭದ್ರನ ಚಿತ್ರ ಸುಮಾರು 24 ಅಡಿ ಉದ್ದ, 14 ಅಡಿ ಅಗಲದ್ದು. ಗಿರಿಜಾ ಕಲ್ಯಾಣ, ಕಿರಾತಾರ್ಜುನೀಯ ಮುಂತಾದ ಕಥಾಭಾಗಗಳನ್ನು ಅಲ್ಲಿ ಪಟ್ಟಿ ಪಟ್ಟಿಯಾಗಿ, ಅಂಚುಗಳ ನಡುವೆ ಬರೆಯಲಾಗಿದೆ. ಚಿತ್ರಕ್ಕೆ ಅಂಚು ಬೇಕು, ಅಂಚಿಲ್ಲದ ಚಿತ್ರದಲ್ಲಿ ಕಣ್ಣು ನಿಲ್ಲದು ಎಂಬ ಅರಿವು ಆ ಚಿತ್ರಕಾರರಿಗಿತ್ತು.

ಸಾಮಾನ್ಯರ ಮನೆಯ ಗೋಡೆಗೆ ಚಿತ್ರ ಏರಿದ್ದು ಅಚ್ಚಿನ ಯಂತ್ರದಿಂದ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಕಲ್ಲಚ್ಚಿನ ಮುದ್ರಣಾಲಯದಿಂದ ಹೊರಟ ಲಕ್ಷ್ಮೀ ಸರಸ್ವತಿಯರು ದಕ್ಷಿಣದ ಮನೆಮನೆಗಳನ್ನೂ ಸೇರಿದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲನ್ನು ಬಳಸಿ ಪದರ ಪದರವಾಗಿ ಮುದ್ರಿಸುತ್ತಿದ್ದ ಈ ಚಿತ್ರಗಳಿಗೆ ಕೆಲವು ಮನೆಗಳ ಹೆಂಗಸರು ಜರಿ, ಬಟ್ಟೆ, ಮಿಣುಕುಬಿಲ್ಲೆಗಳನ್ನು ಅಂಟಿಸಿ ಗಾಜು ಹಾಕಿಸುತ್ತಿದ್ದರು. ಸಾವಿರಾರು ಪ್ರತಿಗಳಲ್ಲಿ ಒಂದಾಗಿದ್ದ ಅಚ್ಚಿನ ಚಿತ್ರ ಹೀಗೆ ಒಂದು ಮನೆಗೇ ಸೇರಿದ ಪಟವಾಗುತ್ತಿತ್ತು. ದೇವರ ಪಟದ ಪಕ್ಕದಲ್ಲಿ ಅನಂತರ ಮನುಷ್ಯರ ಪಟಗಳು ಬಂದವು. ಪಟ್ಟಣದ ಸ್ಟುಡಿಯೋದಲ್ಲಿ, ಬಣ್ಣದ ಪರದೆಯ ಮುಂದೆ, ಕುರ್ಚಿಯ ತೋಳು ಹಿಡಿದು ತೆಗೆಸಿಕೊಂಡ ಒಂದೇ ಒಂದು ಚಿತ್ರ ಎಷ್ಟೋ ಜನರ ಇಡೀ ಆಯುಷ್ಯಕ್ಕೆ ಸಾಕ್ಷಿಯಾಗಿ ಉಳಿಯಿತು.

ಯಾವ ಚಿತ್ರ?

ಚಿತ್ರ ಮನೆಯೊಳಗೆ ಬಂದರೆ ಸುಮ್ಮನಿರುವುದಿಲ್ಲ ಎಂಬುದು ಕನ್ನಡ ಜನಪದರಿಗೆ ಗೊತ್ತಿದ್ದ ಮಾತು. ಎಚ್.ಎಸ್. ವೆಂಕಟೇಶಮೂರ್ತಿಯವರ ‘ಚಿತ್ರಪಟ’ ನಾಟಕಕ್ಕೆ ಆಧಾರವಾದ ಜನಪದ ರಾಮಾಯಣದ ಕಥೆಯಲ್ಲಿ ಸೀತೆ ಬರೆಯುವುದು ತಾನು ಕಂಡಿದ್ದ ರಾವಣನ ಹೆಬ್ಬೆರಳನ್ನಷ್ಟೇ. ಅದು ಇಡೀ ರಾವಣನ ಪಟವಾಗಿ ಬೆಳೆದು ಅವಳ ಬಾಳನ್ನೇ ಕೆಡಿಸುತ್ತದೆ. ಗೋಡೆಗೆ ಏನನ್ನು ಏರಿಸಬೇಕೆಂಬ ಆಯ್ಕೆ ಅಲಂಕಾರದ ಪ್ರಶ್ನೆಯೂ ಹೌದು, ಮನೆ ಏನನ್ನು ದಿನವೂ ನೋಡಬೇಕೆಂಬ ಪ್ರಶ್ನೆಯೂ ಹೌದು.

ಆಯ್ಕೆಗೆ ಮೊದಲ ಸೂತ್ರ ಮಿತಿ. ಮದುವೆಯ ಆಲ್ಬಮ್ಮಿನ ಹತ್ತು ಚಿತ್ರಗಳನ್ನು ಒಂದೇ ಗೋಡೆಗೆ ಹಾಕಿದರೆ ಯಾವುದೂ ಕಾಣುವುದಿಲ್ಲ. ಎಲ್ಲರೂ ಕ್ಯಾಮೆರಾ ನೋಡುತ್ತ ಬಿಗಿದು ನಿಂತ ಚಿತ್ರಕ್ಕಿಂತ, ಕಡಲೆಕಾಯಿ ಬಿಡಿಸುತ್ತ ಕುಳಿತ ಅಜ್ಜಿಯ ಚಿತ್ರ ವರ್ಷಗಳು ಕಳೆದಂತೆ ಹೆಚ್ಚು ಹೇಳಬಲ್ಲದು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಛಾಯಾಚಿತ್ರಗಳು ಇಂದಿಗೂ ಹಿಡಿದು ನಿಲ್ಲಿಸುವುದು ಸಾಮಾನ್ಯರ ದಿನನಿತ್ಯದ ಬದುಕನ್ನು ಅವು ಗೌರವದಿಂದ ಕಂಡಿರುವುದರಿಂದ. ಪ್ರಕೃತಿದೃಶ್ಯವೇ ಬೇಕೆನ್ನುವವರಿಗೆ ಲೇಪಾಕ್ಷಿಯ ಏಕಶಿಲೆಯ ನಂದಿ, ಊರ ಕೆರೆಯ ಏರಿ, ಬೇಸಿಗೆಯಲ್ಲಿ ಹೂಬಿಟ್ಟ ಹೊಂಗೆ ಹತ್ತಿರದಲ್ಲೇ ಇವೆ. ತಾವು ನಡೆದ ನೆಲದ ಚಿತ್ರವನ್ನು ಜನ ನಿಂತು ನೋಡುತ್ತಾರೆ. ಬೇರೆಯವರು ತೆಗೆದ ಚಿತ್ರವನ್ನು ಮುದ್ರಿಸುವುದಾದರೆ ಅವರ ಅನುಮತಿ ಪಡೆಯುವುದು ಕಾನೂನೂ ಹೌದು, ಸೌಜನ್ಯವೂ ಹೌದು.

ಕನ್ನಡ ವಿಭಾಗಗಳ ಗೋಡೆಗಳೇ ಇಲ್ಲಿ ಪಾಠವಾಗಬಲ್ಲವು. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ ಎಂಬ ಎಂಟು ಜ್ಞಾನಪೀಠ ಪುರಸ್ಕೃತರ ಭಾವಚಿತ್ರಗಳು ಸಾಲಾಗಿ ತೂಗುವುದು ವಾಡಿಕೆ. ಎಷ್ಟೋ ಕಡೆ ಅವು ಅಂತರಜಾಲದ ಸಣ್ಣ ಚಿತ್ರಗಳನ್ನು ಹಿಗ್ಗಿಸಿ ಮುದ್ರಿಸಿದವು. ಒಬ್ಬರ ಮುಖ ಅಗಲವಾಗಿದ್ದರೆ ಇನ್ನೊಬ್ಬರ ಮುಖ ಉದ್ದವಾಗಿರುತ್ತದೆ. ಭಕ್ತಿಯಿಂದ ಹಾಕಿದ ಪಟದಲ್ಲಿಯೂ ಅಳತೆ ತಪ್ಪಿದರೆ ಮುಖ ತಪ್ಪುತ್ತದೆ.

ಅಳತೆಯ ಲೆಕ್ಕ

ಮೊದಲನೆಯದು ಬದಿಗಳ ಅನುಪಾತ. ಮೊಬೈಲ್ ಫೋನಿನ ಚಿತ್ರ ಸಾಮಾನ್ಯವಾಗಿ 4:3 ಅನುಪಾತದಲ್ಲಿರುತ್ತದೆ. ದೊಡ್ಡ ಕ್ಯಾಮೆರಾದ್ದು ಹೆಚ್ಚಾಗಿ 3:2. 12×16 ಅಂಗುಲದ ಕಾಗದ ಮೊದಲನೆಯದಕ್ಕೆ ಸರಿಹೊಂದಿದರೆ 8×12 ಮತ್ತು 12×18 ಎರಡನೆಯದಕ್ಕೆ ಹೊಂದುತ್ತವೆ. 3:2ರ ಚಿತ್ರವನ್ನು 8×10ರ ಕಾಗದಕ್ಕೆ ತುಂಬಿಸಿದರೆ 12 ಅಂಗುಲದ ಉದ್ದದಲ್ಲಿ 2 ಅಂಗುಲ ಕತ್ತರಿಗೆ ಹೋಗುತ್ತದೆ, ಅಂದರೆ ಚಿತ್ರದ ಆರನೆಯ ಒಂದು ಭಾಗ. ಕುಟುಂಬದ ಗುಂಪುಚಿತ್ರದಲ್ಲಿ ಆ ಭಾಗದಲ್ಲಿ ನಿಂತವರು ಸಾಮಾನ್ಯವಾಗಿ ಅಂಚಿಗೆ ಸರಿದ ಸೊಸೆಯೋ ಸಂಕೋಚದ ಹುಡುಗನೋ ಆಗಿರುತ್ತಾರೆ. ಆದ್ದರಿಂದ ಕಾಗದಕ್ಕೆ ಚಿತ್ರವನ್ನು ಹೊಂದಿಸುವ ಬದಲು ಚಿತ್ರಕ್ಕೆ ಕಾಗದವನ್ನು ಹೊಂದಿಸಬೇಕು. ಮುದ್ರಿಸುವ ಮುನ್ನ ಯಾವ ಭಾಗ ಕತ್ತರಿಸಿ ಹೋಗುತ್ತದೆಂದು ಪರದೆಯ ಮೇಲೆ ತೋರಿಸುವಂತೆ ಅಂಗಡಿಯವರನ್ನು ಕೇಳುವುದು ಒಳ್ಳೆಯದು.

ಎರಡನೆಯದು ಚಿತ್ರದ ಸಾಂದ್ರತೆ. ಕೈಯಲ್ಲಿ ಹಿಡಿದು ನೋಡುವ ಚಿತ್ರಕ್ಕೆ ಅಂಗುಲಕ್ಕೆ 300 ಪಿಕ್ಸೆಲ್ ಬೇಕು. ನಾಲ್ಕಾರು ಅಡಿ ದೂರದ ಗೋಡೆಯ ಚಿತ್ರಕ್ಕೆ 200 ಸಾಕು. ಈ ಲೆಕ್ಕದಲ್ಲಿ 12×18ಕ್ಕೆ 2400×3600 ಪಿಕ್ಸೆಲ್ ಬೇಕಾಗುತ್ತದೆ. 4000×3000ರ ಫೋನಿನ ಚಿತ್ರವನ್ನು 12×16ಕ್ಕೆ ಧಾರಾಳವಾಗಿ ಮುದ್ರಿಸಬಹುದು. ಆದರೆ ಅದೇ ಚಿತ್ರ ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ದಾಟಿ, ಕುಗ್ಗಿ, ಉದ್ದದ ಬದಿಯಲ್ಲಿ 1600 ಪಿಕ್ಸೆಲ್ ಉಳಿದಿದ್ದರೆ ಅದು 8 ಅಂಗುಲಕ್ಕಷ್ಟೇ ಯೋಗ್ಯ. ಅಂಗಡಿಗೆ ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿ ಕಳುಹಿಸಬೇಕು, ಇಲ್ಲವೆ ಪೆನ್‌ಡ್ರೈವಿನಲ್ಲಿ ಒಯ್ಯಬೇಕು.

ಹಿರಿಯರ ವಿಷಯದಲ್ಲಿ ಈ ಲೆಕ್ಕ ಇನ್ನಷ್ಟು ಕಟುವಾಗುತ್ತದೆ. ಕೆಲವರಿಗೆ ಪಿಂಚಣಿಗೋ ಪಡಿತರ ಚೀಟಿಗೋ ತೆಗೆಸಿದ ಪಾಸ್‌ಪೋರ್ಟ್ ಅಳತೆಯ ಚಿತ್ರವೊಂದನ್ನು ಬಿಟ್ಟರೆ ಬೇರೆ ಚಿತ್ರವೇ ಇರುವುದಿಲ್ಲ. ಅದನ್ನು ಅಂಗುಲಕ್ಕೆ 600 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೂ ಸುಮಾರು 4×5 ಅಂಗುಲಕ್ಕಷ್ಟೇ ಹಿಗ್ಗಿಸಬಹುದು. ಅದಕ್ಕಿಂತ ದೊಡ್ಡದು ಬೇಕೆಂದಾಗ ಹಿಂದೆ ಸ್ಟುಡಿಯೋದವರು ಬೇರೊಬ್ಬರ ಕೋಟಿನ ಮೇಲೆ ಮುಖವನ್ನು ಕೂರಿಸುತ್ತಿದ್ದರು. ಇಂದು ಕೃತಕ ಬುದ್ಧಿಮತ್ತೆಯ ತಂತ್ರಾಂಶ ಇಲ್ಲದ ಸುಕ್ಕು, ಇಲ್ಲದ ಕಣ್ಣಂಚುಗಳನ್ನು ಊಹಿಸಿ ತುಂಬುತ್ತದೆ. ಫಲಿತಾಂಶ ನುಣುಪಾಗಿರುತ್ತದೆ, ಆದರೆ ಅದು ಅಜ್ಜಿಯ ಮುಖವಾಗಿರುವುದಿಲ್ಲ. ಸಣ್ಣ ಚಿತ್ರವನ್ನು ಸಣ್ಣದಾಗಿಯೇ ಮುದ್ರಿಸಿ, ಸುತ್ತಲೂ ಅಗಲವಾದ ಬಿಳಿಯ ಅಂಚು ಬಿಟ್ಟು, ದೊಡ್ಡ ಕಟ್ಟಿನಲ್ಲಿ ಕೂರಿಸುವುದೇ ಉಚಿತ. ಚಿಕ್ಕ ಮುಖಕ್ಕೆ ಗೋಡೆಯ ಮೇಲೆ ದೊಡ್ಡ ಜಾಗ ಹಾಗೆಯೂ ಸಿಗುತ್ತದೆ.

ಕಾಗದ ಮತ್ತು ಶಾಯಿ

ಹಳೆಯ ಕಪ್ಪು ಬಿಳುಪಿನ ಚಿತ್ರದಲ್ಲಿರುವುದು ಬೆಳ್ಳಿಯ ಕಣಗಳು. ಚೆನ್ನಾಗಿ ತೊಳೆದು ಸಂಸ್ಕರಿಸಿದ ಅಂಥ ಚಿತ್ರ ನೂರು ವರ್ಷ ಬಾಳುವುದು ಅಪರೂಪವಲ್ಲ. ಅದರ ನಂತರ ಬಂದ ಬಣ್ಣದ ಚಿತ್ರಗಳಲ್ಲಿರುವುದು ರಾಸಾಯನಿಕ ವರ್ಣಗಳು. 1970–80ರ ದಶಕಗಳ ಮದುವೆಯ ಚಿತ್ರಗಳು ಕೆಂಪಗೆ ತಿರುಗಿ, ಅಜ್ಜಿಯ ಕಾಲದ ಚಿತ್ರಕ್ಕಿಂತ ಅಮ್ಮನ ಕಾಲದ ಚಿತ್ರವೇ ಮೊದಲು ಮಾಸಿರುವುದಕ್ಕೆ ಕಾರಣ ಇದು.

ಇಂದು ಸ್ಟುಡಿಯೋಗಳ ದೊಡ್ಡ ಯಂತ್ರಗಳು ಬೆಳಕಿಗೆ ಸ್ಪಂದಿಸುವ ಕಾಗದದ ಮೇಲೆ ಮುದ್ರಿಸುತ್ತವೆ. ಇವು ಮನೆಬಳಕೆಗೆ ಸಾಕಷ್ಟು ಬಾಳಿಕೆಯವು. ಇಂಕ್‌ಜೆಟ್ ಮುದ್ರಣದಲ್ಲಿ ಎರಡು ಬಗೆಯ ಶಾಯಿಗಳಿವೆ. ನೀರಿನಲ್ಲಿ ಕರಗುವ ವರ್ಣದ ಶಾಯಿ ಅಗ್ಗ, ಆದರೆ ಬೇಗ ಮಾಸುತ್ತದೆ. ಕಣಗಳ ರೂಪದ ‘ಪಿಗ್ಮೆಂಟ್’ ಶಾಯಿ ದುಬಾರಿ, ಬಹುಕಾಲ ನಿಲ್ಲುತ್ತದೆ. ಹೊಳಪಿನ ಕಾಗದ ಬಣ್ಣವನ್ನು ಎತ್ತಿ ತೋರಿಸಿದರೂ ಗಾಜಿನ ಹಿಂದೆ ಅದರ ಹೊಳಪು ವ್ಯರ್ಥ. ಗಾಜು ಹಾಕಿಸುವ ಚಿತ್ರಕ್ಕೆ ಮ್ಯಾಟ್ ಕಾಗದವೇ ಲೇಸು. ಕ್ಯಾನ್ವಾಸಿನ ಮೇಲಿನ ಮುದ್ರಣಕ್ಕೆ ಗಾಜು ಬೇಡ, ಆದರೆ ಬಯಲುಸೀಮೆಯ ಧೂಳು ಅದರ ನೇಯ್ಗೆಯಲ್ಲಿ ಕೂತುಬಿಡುತ್ತದೆ.

ಅಗ್ಗವೆಂದು ಎಲ್ಲೆಡೆ ರೂಢಿಯಾಗಿರುವುದು ಲ್ಯಾಮಿನೇಷನ್: ಚಿತ್ರವನ್ನು ಹಲಗೆಗೆ ಅಂಟಿಸಿ ಮೇಲೆ ಪ್ಲಾಸ್ಟಿಕ್ ಪೊರೆಯನ್ನು ಒತ್ತುವ ವಿಧಾನ. ಹೊಸ ಪ್ರತಿಗೆ ಇದು ನಡೆಯುತ್ತದೆ. ಹಳೆಯ ಮೂಲಚಿತ್ರಕ್ಕೆ ಮಾಡಿಸಲೇಬಾರದು. ಅಂಟಿದ ಚಿತ್ರವನ್ನು ಮತ್ತೆ ಬಿಡಿಸಲಾಗದು. ಅದರ ಹಿಂಬದಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ.

ಹಿಂಬದಿಯ ಕನ್ನಡ

ಹಳೆಯ ಛಾಯಾಚಿತ್ರದ ಹಿಂದೆ ಹೆಸರು, ನಂಟು, ಊರು, ತಾರೀಖು ಬರೆಯುವ ರೂಢಿ ಇತ್ತು. ಗಡಿಯ ಈ ಭಾಗದ ಅನೇಕ ಮನೆಗಳಲ್ಲಿ ಆ ಬರಹ ಕನ್ನಡದಲ್ಲಿರುತ್ತದೆ. ಅಂಥ ಮನೆಗಳ ಮಕ್ಕಳು ಕನ್ನಡವನ್ನು ಆಡುತ್ತಾರೆ. ತೆಲುಗು ಮತ್ತು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದರಿಂದ ಓದಲಾರರು. ಕೆಲವು ಕುಟುಂಬಗಳಲ್ಲಿ ಹಿರಿಯರ ಕೈಬರಹದ ಕನ್ನಡವೆಂದು ಉಳಿದಿರುವುದು ಚಿತ್ರದ ಬೆನ್ನಿನ ಆ ಎರಡು ಸಾಲುಗಳಷ್ಟೇ ಆಗಿರಬಹುದು. ಚಿತ್ರದ ಮುಂಬದಿಯನ್ನು ಚೆಲುವಾಗಿಸುವ ಭರದಲ್ಲಿ ಆ ಸಾಲುಗಳಿಗೆ ಅಂಟು ಬಳಿದರೆ ಮುಖ ಉಳಿಯುತ್ತದೆ, ಹೆಸರು ಅಳಿಯುತ್ತದೆ. ಎರಡು ತಲೆಮಾರು ಕಳೆದ ಮೇಲೆ ಹೆಸರಿಲ್ಲದ ಮುಖವನ್ನು ಯಾರೂ ಗೋಡೆಯಲ್ಲಿ ಉಳಿಸಿಕೊಳ್ಳುವುದಿಲ್ಲ.

ಆ ಸಾಲುಗಳಲ್ಲಿ ಚರಿತ್ರೆಯೂ ಇರುತ್ತದೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರೂಪುಗೊಳ್ಳುವವರೆಗೆ ಹಿಂದೂಪುರ, ಚಿಲಮತ್ತೂರುಗಳು ಮದ್ರಾಸಿಗೆ ಸೇರಿದ್ದವು. ಕೂಗಳತೆಯ ಬಾಗೇಪಲ್ಲಿ, ಗೌರಿಬಿದನೂರುಗಳು ಮೈಸೂರಿನವು. ಬಾಗೇಪಲ್ಲಿ 2007ರವರೆಗೆ ಕೋಲಾರ ಜಿಲ್ಲೆಯಲ್ಲಿತ್ತು, ಅನಂತರ ಚಿಕ್ಕಬಳ್ಳಾಪುರ ಜಿಲ್ಲೆಯದಾಯಿತು. ಚಿಲಮತ್ತೂರು 2022ರವರೆಗೆ ಅನಂತಪುರ ಜಿಲ್ಲೆಯಲ್ಲಿದ್ದು ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಚಿತ್ರದ ಹಿಂದೆ ಬರೆದ ಊರಿನ ವಿಳಾಸ ಯಾವ ಆಡಳಿತವನ್ನು ಹೆಸರಿಸುತ್ತದೆ ಎಂಬುದರಿಂದಲೇ, ತಾರೀಖಿಲ್ಲದಿದ್ದರೂ, ಅದರ ಕಾಲವನ್ನು ಸ್ಥೂಲವಾಗಿ ಹೇಳಬಹುದು. ಸ್ಟುಡಿಯೋದ ಮೊಹರು ಇನ್ನೊಂದು ಸುಳಿವು. ಹಳೆಯ ಕಟ್ಟನ್ನು ಬಿಚ್ಚಿದಾಗ ಹಲಗೆಯ ಒಳಗೆ ಮಡಚಿಟ್ಟ ಹಳೆಯ ವೃತ್ತಪತ್ರಿಕೆ ಸಿಗುವುದುಂಟು. ಕಟ್ಟು ಹಾಕಿಸಿದ ದಿನವನ್ನು ಅದು ಬಹುಮಟ್ಟಿಗೆ ಹೇಳಿಬಿಡುತ್ತದೆ. ಪತ್ರಿಕೆಯ ಕಾಗದದಲ್ಲಿರುವ ಆಮ್ಲ ಚಿತ್ರಕ್ಕೆ ಕೇಡು, ಆದ್ದರಿಂದ ಅದನ್ನು ಮತ್ತೆ ಒಳಗಿಡಬಾರದು, ಎಸೆಯಲೂ ಬಾರದು.

ಶಾಸನಪಾಠವನ್ನು ಓದುವ ವಿದ್ಯಾರ್ಥಿ ಕಲ್ಲಿನ ಎಲ್ಲ ಮುಖಗಳನ್ನೂ ನೋಡುವಂತೆ ಚಿತ್ರದ ಎರಡೂ ಬದಿಗಳನ್ನು ನೋಡಬೇಕು. ಕ್ರಮ ಸರಳವಾಗಿದೆ. ಮೊದಲು ಕಟ್ಟನ್ನು ಬಿಚ್ಚಿ ಚಿತ್ರದ ಎರಡೂ ಬದಿಗಳನ್ನು ಸ್ಕ್ಯಾನ್ ಮಾಡಿಸಬೇಕು. ಚಿತ್ರ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯದೆ ಗಾಜಿನ ಮೇಲಿನಿಂದಲೇ ಪ್ರತಿ ತೆಗೆಯಬೇಕು. ಗೋಡೆಗೆ ಹೋಗುವುದು ಪ್ರತಿ ಮಾತ್ರ. ಮೂಲವನ್ನು ಬಿಳಿಯ ಕಾಗದದ ಲಕೋಟೆಯಲ್ಲಿ, ಬೆಳಕು ಮತ್ತು ತೇವ ತಾಗದ ಕಡೆ ಇಡಬೇಕು.

ಕಟ್ಟಿನ ಅಂಗಗಳು

ಒಳ್ಳೆಯ ಕಟ್ಟಿನಲ್ಲಿ ನಾಲ್ಕು ಪದರಗಳಿರುತ್ತವೆ: ಗಾಜು, ಮೌಂಟ್ ಬೋರ್ಡ್, ಚಿತ್ರ, ಹಿಂಬದಿಯ ಹಲಗೆ. ಇವುಗಳಲ್ಲಿ ಖರ್ಚು ಉಳಿಸಲೆಂದು ಮೊದಲು ಬಿಟ್ಟುಬಿಡುವುದು ಮೌಂಟನ್ನು. ಅದು ಚಿತ್ರದ ಸುತ್ತ ಕಾಣುವ ದಪ್ಪ ರಟ್ಟಿನ ಅಂಚು. ಕಣ್ಣಿಗೆ ಬಿಡುವು ಕೊಡುವುದಲ್ಲದೆ ಚಿತ್ರ ಗಾಜಿಗೆ ತಾಗದಂತೆ ತಡೆಯುವುದೂ ಅದರ ಕೆಲಸ. ಮಳೆಗಾಲದ ತೇವದಲ್ಲಿ ಚಿತ್ರ ಗಾಜಿಗೆ ಅಂಟಿಕೊಳ್ಳುವುದು ಮೌಂಟಿಲ್ಲದ ಕಟ್ಟಿನಲ್ಲಿಯೇ. ಆಮ್ಲರಹಿತವಾದ ಮೌಂಟನ್ನು ಕೇಳಿ ಹಾಕಿಸಿದರೆ ಚಿತ್ರದ ಅಂಚು ಹಳದಿಯಾಗುವುದಿಲ್ಲ. ಬಣ್ಣದ ಮೌಂಟಿಗಿಂತ ಬಿಳಿ ಅಥವಾ ಕೆನೆಬಣ್ಣದ್ದು ಎಲ್ಲ ಗೋಡೆಗೂ ಹೊಂದುತ್ತದೆ.

ಗಾಜಿಗೆ ಬದಲಾಗಿ ಅಕ್ರಿಲಿಕ್ ಹಾಳೆ ಹಗುರ, ಒಡೆಯದು. ಆದರೆ ಬೇಗ ಗೀರು ಬೀಳುತ್ತದೆ, ಧೂಳನ್ನು ಸೆಳೆಯುತ್ತದೆ. ಚೌಕಟ್ಟಿನ ಪಟ್ಟಿ ತೇಗದ್ದಾದರೆ ಬಾಳಿಕೆ ಹೆಚ್ಚು. ಫೈಬರ್ ಪಟ್ಟಿಗೆ ಗೆದ್ದಲಿನ ಭಯವಿಲ್ಲ, ಆದರೆ ಭಾರದ ಗಾಜಿಗೆ ಅದರ ಮೂಲೆಗಳು ಬಿಡುವುದುಂಟು. ಚಿತ್ರಕ್ಕಿಂತ ಮೊದಲು ಕಟ್ಟೇ ಕಣ್ಣಿಗೆ ಬೀಳುವಂತಿದ್ದರೆ ಆಯ್ಕೆ ತಪ್ಪಿದೆ ಎಂದರ್ಥ. ಕಪ್ಪು ಬಿಳುಪಿನ ಚಿತ್ರಕ್ಕೆ ಕಿರಿದಾದ ಕಪ್ಪು ಅಥವಾ ಕಂದು ಪಟ್ಟಿ ಸಾಕು.

ಪಟ್ಟಿಗೆ ದರವನ್ನು ಅಡಿಯ ಲೆಕ್ಕದಲ್ಲಿ ಹೇಳುವುದರಿಂದ ಗ್ರಾಹಕರಿಗೂ ಆ ಲೆಕ್ಕ ಗೊತ್ತಿರಬೇಕು. 12×18 ಅಂಗುಲದ ಚಿತ್ರದ ಸುತ್ತ 2 ಅಂಗುಲದ ಮೌಂಟ್ ಇದ್ದರೆ ಒಟ್ಟು ಅಳತೆ 16×22 ಆಗುತ್ತದೆ, ಸುತ್ತಳತೆ 76 ಅಂಗುಲ. 1 ಅಂಗುಲ ಅಗಲದ ಪಟ್ಟಿಯ ಮೂಲೆಗಳನ್ನು ಓರೆಯಾಗಿ ಕತ್ತರಿಸಿ ಕೂಡಿಸಲು ನಾಲ್ಕು ಬದಿಗೂ 2 ಅಂಗುಲದಂತೆ ಇನ್ನು 8 ಅಂಗುಲ ಬೇಕು. ಒಟ್ಟು 84 ಅಂಗುಲ, ಅಂದರೆ ಸರಿಯಾಗಿ 7 ಅಡಿ.

ಗೋಡೆಯ ಆಯ್ಕೆ

ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಅಂಗುಲ ಎತ್ತರದಲ್ಲಿರಬೇಕೆಂಬುದು ಚಿತ್ರಶಾಲೆಗಳ ರೂಢಿ. ಅದು ನಿಂತು ನೋಡುವವರ ಕಣ್ಣಿನ ಎತ್ತರ. ಹಳೆಯ ಮನೆಗಳಲ್ಲಿ ಬಾಗಿಲ ಮೇಲಿನ ಪಟಗಳನ್ನು ದಾರ ಕಟ್ಟಿ ಮುಂದಕ್ಕೆ ಬಾಗಿಸಿ ತೂಗುಹಾಕುತ್ತಿದ್ದುದು ಚಾಪೆಯ ಮೇಲೆ ಕುಳಿತವರಿಗೆ ಕಾಣಲೆಂದು. ಪುಸ್ತಕದ ನಿಯಮಕ್ಕಿಂತ ಆ ಕೋಣೆಯಲ್ಲಿ ಜನ ಕುಳಿತಿರುತ್ತಾರೋ ನಿಂತಿರುತ್ತಾರೋ ಎಂಬುದು ಮುಖ್ಯ. ದಿವಾನದ ಮೇಲಿನ ಚಿತ್ರ ಅದರ ಬೆನ್ನಿನಿಂದ 6–8 ಅಂಗುಲ ಮೇಲಿದ್ದರೆ ಎರಡೂ ಒಂದಕ್ಕೊಂದು ಸೇರಿದಂತೆ ಕಾಣುತ್ತವೆ.

ಹಿಂದೂಪುರದ ಸೀಮೆ ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ನಾಡು. ಇಲ್ಲಿ ಚಿತ್ರಕ್ಕೆ ಮೊದಲ ಶತ್ರು ಬಿಸಿಲು. ಸಂಜೆಯ ಬಿಸಿಲು ನೇರವಾಗಿ ಬೀಳುವ ಗೋಡೆಗೆ ಬಣ್ಣದ ಚಿತ್ರ ಹಾಕಬಾರದು. ಗತಿಸಿದವರ ಪಟವನ್ನು ಯಾವ ದಿಕ್ಕಿಗೆ ಹಾಕಬೇಕೆಂಬುದು ಆಯಾ ಮನೆಯ ನಂಬಿಕೆಗೆ ಬಿಟ್ಟದ್ದು. ಅದಕ್ಕೆ ಇಡುವ ಕುಂಕುಮ ಗಾಜಿನ ಮೇಲಿರಲಿ, ಊದುಬತ್ತಿಯ ಹೊಗೆ ತುಸು ದೂರವಿರಲಿ. ಕಟ್ಟಿನ ಹಿಂದಿನ ಕೆಳಮೂಲೆಗಳಿಗೆ ರಬ್ಬರಿನ ಚಿಕ್ಕ ಬಿಲ್ಲೆಗಳನ್ನು ಅಂಟಿಸಿದರೆ ಗೋಡೆ ಮತ್ತು ಪಟದ ನಡುವೆ ಗಾಳಿಯಾಡುತ್ತದೆ. ತೇವ, ಗೆದ್ದಲು ಎರಡೂ ದೂರವಾಗುತ್ತವೆ.

ಕೊನೆಯ ಕೆಲಸ

ಗೋಡೆಗೆ ಏರಿಸುವ ಮುನ್ನ ಒಂದು ಕೆಲಸ ಉಳಿದಿರುತ್ತದೆ. ಚಿತ್ರದಲ್ಲಿರುವವರ ಪೂರ್ಣ ಹೆಸರು, ಎಡದಿಂದ ಬಲಕ್ಕೆ ನಿಂತ ಕ್ರಮ, ಮನೆಯವರೊಂದಿಗಿನ ನಂಟು, ಊರು, ವರ್ಷ, ಚಿತ್ರ ತೆಗೆದವರು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಹಿಂಬದಿಯ ಹಲಗೆಗೆ ಅಂಟಿಸಬೇಕು. ಚಿತ್ರದ ಬೆನ್ನಿನ ಮೇಲೆಯೇ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಗುರುತು ಮುಂಬದಿಗೆ ಮೂಡುತ್ತದೆ. ಹಳೆಯ ಚಿತ್ರದ ಹಿಂದಿನ ಬರಹವಿದ್ದರೆ ಅದರ ಕಾಗುಣಿತ ಹೇಗಿದೆಯೋ ಹಾಗೆಯೇ ಚೀಟಿಗೆ ಇಳಿಸಬೇಕು, ತಿದ್ದಬಾರದು. ಅದರ ಕೆಳಗೆ ಮನೆಯ ಮಕ್ಕಳು ಓದಬಲ್ಲ ಲಿಪಿಯಲ್ಲಿಯೂ ಹೆಸರುಗಳನ್ನು ಬರೆಯುವುದು ಒಳ್ಳೆಯದು.

ಕನ್ನಡ ಐಚ್ಛಿಕದ ವಿದ್ಯಾರ್ಥಿಗೆ ರಜೆಯಲ್ಲಿ ಒಂದು ಮಧ್ಯಾಹ್ನ ಸಾಕು. ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಟ್ಟದ ಮೇಲಿನ ಪಟಗಳನ್ನು ಇಳಿಸಿ, ಒಂದೊಂದರ ಬೆನ್ನನ್ನೂ ಓದಿ, ಬರಹವಿಲ್ಲದ ಕಡೆ ಅವರು ಹೇಳಿದ್ದನ್ನು ಬರೆದುಕೊಳ್ಳಬಹುದು. ಆ ಮನೆಯಲ್ಲಿ ಕನ್ನಡ ಓದಬಲ್ಲವರು ಆ ವಿದ್ಯಾರ್ಥಿಯೊಬ್ಬರೇ ಆಗಿದ್ದರೆ ಆ ಕೆಲಸಕ್ಕೆ ಬೇರೆ ಯಾರೂ ಇಲ್ಲ. ಯಾವ ಚಿತ್ರ ಗೋಡೆಗೆ ಏರಬೇಕೆಂಬುದನ್ನು ಅನಂತರ ತೀರ್ಮಾನಿಸಬಹುದು.